ಬಾಡಿಗೆಗೆ ಬಿಡೋಕೆ ಒಂದು ಮನೆ ತಗೊಳ್ಲಾ?

ಮೊನ್ನೆ ಮದುವೆ ಊಟದಲ್ಲಿ, ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ, ದೊಡ್ಡಮ್ಮನ ಮೊಮ್ಮಗ ಕೇಳಿದ: "ಅತ್ತೆ, 20 ಲಕ್ಷ ಕೂಡಿಟ್ಟಿದ್ದೀನಿ. ನಿಮ್ಮ ಥರ ಒಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡ್ಲಾ? ಕೂತಲ್ಲೇ ದುಡ್ಡು ಬರುತ್ತಲ್ಲ!"

ಕೂತಲ್ಲೇ. ಎಲ್ಲರೂ ಇದೇ ಮಾತು ಸೇರಿಸಿಯೇ ಕೇಳೋದು. ಬಾತ್‌ರೂಮಿನ ನೀರು ಕೆಳಗಿನವರ ದೇವರ ಮನೆಗೆ ಸೋರುತ್ತಿದೆ ಅಂತ ರಾತ್ರಿ 11ಕ್ಕೆ ಫೋನು ಬಂದಾಗ ನಾನು ಕೂತಿರಲಿಲ್ಲಪ್ಪ, ಮಲಗಿದ್ದೆ.

ಲೆಕ್ಕ ಬೇಕಾ, ತಗೋ. ಬೆಂಗಳೂರಲ್ಲಿ 60 ಲಕ್ಷದ ಫ್ಲ್ಯಾಟ್ ಅಂದುಕೋ. ಸ್ಟಾಂಪು, ರಿಜಿಸ್ಟ್ರೇಷನ್‌ಗೇ ನಾಲ್ಕೂವರೆ ಲಕ್ಷ ಹೋಯಿತು. ಮಿಕ್ಕ 15 ಕೈಯಿಂದ ಹಾಕಿ 45 ಲಕ್ಷ ಸಾಲ ಮಾಡಿದರೆ, ಶೇ. 8.5ರ ಬಡ್ಡಿಗೆ 20 ವರ್ಷ ತಿಂಗಳಿಗೆ 39 ಸಾವಿರ ಕಂತು. ಬಾಡಿಗೆ 18 ಸಾವಿರ ಬಂದರೆ ಪುಣ್ಯ. ಮೇಂಟೆನೆನ್ಸು, ಕಂದಾಯ ಬೇರೆ. ಅಂದರೆ ವರ್ಷದ ಬಾಡಿಗೆ ಮನೆ ಬೆಲೆಯ ಶೇ. 3.6. ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತೆ, ಗೀಸರ್ ಕೆಟ್ಟಿದೆ ಅಂತ ಫೋನೂ ಮಾಡಲ್ಲ. ಬೆಲೆ ಏರುತ್ತಲ್ಲ ಅಂತೀಯ. ಏರೋದು ನೆಲ, ಕಟ್ಟಡ ಹಳತಾಗುತ್ತೆ. ನಿನ್ನ ಪಾಲಿಗೆ ಎಷ್ಟು ಚದರ ಅಡಿ ನೆಲ ಅಂತ ಕ್ರಯಪತ್ರದಲ್ಲಿ ಓದು. ಪಾಲಿಕೆಯ ಖಾತಾ ಸಕ್ರಮ ಆಸ್ತಿಯ 'ಎ' ಥರದ್ದಾ, ಕೊರತೆ ಇರೋ 'ಬಿ' ಥರದ್ದಾ, ಆಸ್ತಿ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸೋ ಇ.ಸಿ. ಪತ್ರ ಸರಿಯಿದೆಯಾ ಅಂತ ವಕೀಲರನ್ನ ಕೇಳು. ದುಡ್ಡು ಕೊಟ್ಟೇ ಕೇಳು, ಮದುವೆ ಮನೆಯಲ್ಲಲ್ಲ.

"ಅತ್ತೆ, ಅಡ್ವಾನ್ಸ್ ಎಲ್ಲಿಟ್ಟಿದ್ದೀರಿ?" ಅಂತ ಮಾತ್ರ ಒಬ್ಬರೂ ಕೇಳಲ್ಲ.

ನಮ್ಮೂರಿನ ಹತ್ತು ತಿಂಗಳ ಅಡ್ವಾನ್ಸ್ ಲೆಕ್ಕದಲ್ಲಿ ಮೊದಲ ಬಾಡಿಗೆಯವರು 1,80,000 ಕೊಟ್ಟಿದ್ದರು. ಬಂದ ಲಕ್ಷ್ಮಿ ಅಂದುಕೊಂಡು ಮಗಳ ಕಾಲೇಜಿಗೆ ಕಟ್ಟಿಬಿಟ್ಟೆ. ಎಂಟೇ ತಿಂಗಳಿಗೆ ಅವರಿಗೆ ಹೈದರಾಬಾದಿಗೆ ವರ್ಗ. 11 ತಿಂಗಳ ಕರಾರಿದೆಯಲ್ಲ ಅಂತ ಪತ್ರ ತೆಗೆದು ನೋಡಿದರೆ, ಒಂದು ತಿಂಗಳ ಮುಂಚೆ ತಿಳಿಸಿದರೆ ಸಾಕು ಅಂತ ನಾನೇ ಸಹಿ ಹಾಕಿದ್ದೆ. ಬಳೆ ಅಡ ಇಟ್ಟು ವಾಪಸ್ ಕೊಟ್ಟೆ. ಪೂರ್ತಿ ಅಲ್ಲ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡೆ. ಗೋಡೆ ಚೆನ್ನಾಗಿಯೇ ಇತ್ತು. ಎಲ್ಲ ಓನರ್‌ಗಳೂ ಹಿಡೀತಾರೆ. ನಾನು ಬಾಡಿಗೆಗಿದ್ದಾಗ ಇದಕ್ಕೇ ಓನರಮ್ಮನಿಗೆ ಹಿಡಿಶಾಪ ಹಾಕಿದ್ದು ನೆನಪಿದೆ, ಆದರೂ ಹಿಡಿದೆ.

ಆಮೇಲೆ ಮನೆ ಎರಡು ತಿಂಗಳು ಖಾಲಿ. ಕಂತಿಗೆ ರಜೆ ಇರಲಿಲ್ಲ.

ಈಗ ಅಡ್ವಾನ್ಸ್ ಬೇರೆಯೇ ಖಾತೆಯಲ್ಲಿದೆ, ಮುಟ್ಟಲ್ಲ. ಪೇಂಟಿಂಗ್ ದುಡ್ಡು ಈಗಲೂ ಹಿಡೀತೀನಿ.