"ಯಾಕೆ" ಅಲ್ಲ, "ಮೈಯಲ್ಲಿ ಎಲ್ಲಿ" ಎಂದು ಕೇಳಿ

ವ್ಯಸನಮುಕ್ತಿ ಕೆಲಸಕ್ಕೆ ಹೊಸದಾಗಿ ಸೇರಿದವರು ವ್ಯಸನಿಗಳನ್ನು "ಯಾಕೆ ತಗೋಬೇಕು ಅನ್ನಿಸ್ತು?" ಎಂದೇ ಕೇಳಲು ಶುರುಮಾಡುತ್ತಾರೆ. ಸಿಗುವುದು ನೆಪ, ಇಲ್ಲವೇ ಮೌನ. "ಮೈಯಲ್ಲಿ ಎಲ್ಲಿ ಗೊತ್ತಾಯ್ತು?" ಎಂದು ಕೇಳಿ. ಎದೆ ಬಿಗಿಯಿತು, ಗಂಟಲು ಒಣಗಿತು, ಹೊಟ್ಟೆಯಲ್ಲಿ ತಳಮಳ... ಮಾತು ತಾನಾಗಿ ಬರುತ್ತದೆ.

ಹೃದಯ, ಶ್ವಾಸಕೋಶ, ಕರುಳಿನ ಸುದ್ದಿಯೆಲ್ಲ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಬಂದು ಸೇರುತ್ತದೆ. ಮಿದುಳಿಗೆ ಹಾನಿಯಾದ 69 ಧೂಮಪಾನಿಗಳ ಮೇಲಿನ ಅಧ್ಯಯನವೊಂದನ್ನು ನಖ್ವಿ, ಬೆಚಾರಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಇನ್ಸುಲಾಗೆ ಹಾನಿಯಾಗಿದ್ದ 19 ಜನರಲ್ಲಿ 13 ಮಂದಿ ಸಿಗರೇಟು ಬಿಟ್ಟಿದ್ದರು. ಅವರಲ್ಲಿ 12 ಮಂದಿ ಕಷ್ಟವಿಲ್ಲದೆ, ಮತ್ತೆ ಸೇದದೆ, ಸೇದಬೇಕೆಂಬ ತುಡಿತವೂ ಉಳಿಯದೆ ಬಿಟ್ಟವರು. ಸೇದುವ ಆಸೆಯನ್ನು ತನ್ನ ದೇಹವೇ ಮರೆತುಬಿಟ್ಟಿತು ಎಂದಿದ್ದ ಅವರಲ್ಲೊಬ್ಬ. ತುಡಿತವನ್ನು ಮನಸ್ಸಿನ ದೌರ್ಬಲ್ಯ ಎಂದು ಬೈಯುವವರಿಗೆ ಈ ಒಂದು ಮಾತು ಸಾಕು.

ಮೊದಲು ನಾಡಿ ಮುಟ್ಟದೆ 30 ಸೆಕೆಂಡು ಎದೆಬಡಿತ ಎಣಿಸಲು ಹೇಳಿ. ಆಮೇಲೆ ನಾಡಿ ಹಿಡಿದು ಅಷ್ಟೇ ಹೊತ್ತು ಎಣಿಸಿ, ಹೋಲಿಸಿ. "ಗೊತ್ತಾದದ್ದನ್ನು ಮಾತ್ರ ಎಣಿಸಿ, ಸೊನ್ನೆಯಾದರೂ ಪರವಾಗಿಲ್ಲ" ಎಂದು ಮೊದಲೇ ಹೇಳದಿದ್ದರೆ, ನಿಮಿಷಕ್ಕೆ ಸುಮಾರು 70 ಎಂದು ಬಲ್ಲವರು ಊಹಿಸಿ 35 ಎಂದುಬಿಡುತ್ತಾರೆ. ಇದು ಪರೀಕ್ಷೆಯಲ್ಲ, ಗಮನವನ್ನು ಒಳಗೆ ತಿರುಗಿಸುವ ಅಭ್ಯಾಸ.

ತುಡಿತ ಬಂದಾಗ ಹಾಳೆಯಲ್ಲಿ ಸಮಯ, ಮೈಯ ಜಾಗ, 0ಯಿಂದ 10ರೊಳಗೆ ತೀವ್ರತೆ ಬರೆಸಿ. ಪ್ರತಿ 5 ನಿಮಿಷಕ್ಕೊಮ್ಮೆ, ಅರ್ಧ ಗಂಟೆ. ಅಂಕಿ ಏರಿ ಇಳಿಯುವುದನ್ನು ಅವರೇ ಕಣ್ಣಾರೆ ನೋಡಬೇಕು. ಕೊನೆಯ ಊಟ ಎಷ್ಟು ಹೊತ್ತಿಗೆ, ರಾತ್ರಿ ನಿದ್ದೆ ಎಷ್ಟು ಎಂಬುದನ್ನೂ ಬರೆಸಿ. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ವರ್ಷಗಟ್ಟಲೆ ಮೈಯ ಎಲ್ಲ ಕಸಿವಿಸಿಗೂ ಒಂದೇ ಮದ್ದು ಕೊಟ್ಟವರಿಗೆ ಹಸಿವು, ದಣಿವು, ಸಿಟ್ಟು ಎಲ್ಲವೂ "ಬೇಕು" ಎಂದೇ ಕೇಳಿಸುತ್ತದೆ. ಅದು ಹಸಿವಾಗಿದ್ದರೆ ಊಟದಿಂದ ಅಂಕಿ ಇಳಿಯುತ್ತದೆ.

ಗಾಬರಿಯ ಸ್ವಭಾವದವರಿಗೆ ಉಸಿರು ಗಮನಿಸಲು ಹೇಳಿದರೆ ಉಸಿರುಗಟ್ಟಿದಂತಾಗಿ ಕೆಲಸ ಕೆಡಬಹುದು. ಅವರಿಗೆ ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಲು ಹೇಳಿ.

ದಿನವೂ ವಿಪರೀತ ಕುಡಿಯುತ್ತಿದ್ದು ಥಟ್ಟನೆ ನಿಲ್ಲಿಸಿದವರಲ್ಲಿ ಕೈನಡುಕ, ಬೆವರು, ಎದೆಬಡಿತ ಕಂಡರೆ ಅದು ಕೂತು ಗಮನಿಸುವ ಸಂಕೇತವಲ್ಲ. ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಸನ್ನಿ ಹಿಡಿಯಬಹುದು, ಜೀವಕ್ಕೇ ಅಪಾಯ. ಹಾಳೆ ಬದಿಗಿಡಿ, ತಕ್ಷಣ ವೈದ್ಯರಿಗೆ ತೋರಿಸಿ.