ಬೆಕ್ಕಿರುವವರು ಬಾಡಿಗೆ ಮನೆ ನೋಡಲು ಹೋಗುವ ದಿನ

ಬೆಕ್ಕು ಸಾಕಿದವರಿಗೆ ಮನೆ ಕೊಡಲ್ಲ ಎನ್ನುವ ಮಾಲೀಕರಲ್ಲಿ ಬೆಕ್ಕನ್ನು ಕಂಡರಾಗದವರು ಕಡಿಮೆಯೇ. ಅವರಿಗೆ ಹೆದರಿಕೆ ಇರುವುದು ವಾಸನೆಯದು, ಅದೂ ನೀವು ಖಾಲಿ ಮಾಡಿಕೊಂಡು ಹೋದ ಮೇಲೆ ಉಳಿಯುವ ವಾಸನೆಯದು. ಗೋಡೆಗೆ ಬಣ್ಣ ಹೊಡೆಸಿ, ನೆಲ ತೊಳೆಸಿ, ಹೊಸಬರಿಗೆ ತೋರಿಸೋಣ ಎಂದು ಬಾಗಿಲು ತೆಗೆದರೆ ಮೂಗಿಗೆ ಬಡಿಯುವ ನಾತ. ಹಾಗಾಗಿ "ನಮ್ಮದು ತುಂಬಾ ಸಾಧು, ಯಾರ ತಂಟೆಗೂ ಹೋಗಲ್ಲ" ಎಂದು ಬೆಕ್ಕಿನ ಗುಣಗಾನ ಮಾಡಿ ಪ್ರಯೋಜನವಿಲ್ಲ. ಮಾಲೀಕರು ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕು: ಮೂತ್ರ ಎಲ್ಲಿ ಹೋಗುತ್ತದೆ, ಹೋಗಬಾರದ ಕಡೆ ಹೋದರೆ ಯಾರು ಏನು ಮಾಡುತ್ತಾರೆ?

ಬೆಕ್ಕಿನ ವಿಷಯವನ್ನು ಮನೆ ನೋಡುವ ಮೊದಲು, ಫೋನಿನಲ್ಲೇ ಹೇಳಿಬಿಡಬೇಕು. ಆದರೆ ಮೊದಲ ಮಾತೇ ಅದಾಗುವುದು ಬೇಡ. ಬಾಡಿಗೆ ಎಷ್ಟು, ಯಾವಾಗಿನಿಂದ ಖಾಲಿ, ಎಷ್ಟು ಜನ ಇರುತ್ತೀರಿ ಎಂಬುದೆಲ್ಲ ಮುಗಿದ ಮೇಲೆ ಒಂದೇ ವಾಕ್ಯ ಸಾಕು: "ಎರಡು ಬೆಕ್ಕುಗಳಿವೆ, ಎರಡಕ್ಕೂ ಸಂತಾನಹರಣದ ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತವೆ." ಮುಚ್ಚಿಟ್ಟು ಮನೆ ಹಿಡಿದವರ ಗುಟ್ಟು ನಲ್ಲಿ ರಿಪೇರಿಯವನು ಬಂದ ದಿನವೇ ರಟ್ಟಾಗುತ್ತದೆ. ಸಾಕುಪ್ರಾಣಿ ಕೂಡದು ಎಂದು ಕರಾರಿನಲ್ಲಿದ್ದರೆ, ಮನೆ ಬಿಡಿಸಲು ಮಾಲೀಕರಿಗೆ ಅದೇ ಕಾರಣವಾಗಬಹುದು.

ಹೋಗುವಾಗ ಕೈಯಲ್ಲಿ ಒಂದು ಹಾಳೆ ಇರಲಿ. ಬೆಕ್ಕಿನ ವಯಸ್ಸು, ಗಂಡೋ ಹೆಣ್ಣೋ, ಆಪರೇಷನ್ ಆದ ದಿನಾಂಕ, ರೇಬೀಸ್ ಮತ್ತು ಇತರ ಲಸಿಕೆಗಳ ದಿನಾಂಕ, ಚರ್ಮದಡಿ ಹಾಕಿಸಿದ ಗುರುತಿನ ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆ, ಪಶುವೈದ್ಯರ ಫೋನ್, ನೀವು ಊರಲ್ಲಿಲ್ಲದಾಗ ನೋಡಿಕೊಳ್ಳುವವರ ಹೆಸರು. ಹಿಂದಿನ ಮಾಲೀಕರಿಂದ ಎರಡು ಸಾಲಿನ ಪತ್ರ ಸಿಕ್ಕರೆ ಅದಕ್ಕಿಂತ ದೊಡ್ಡ ಶಿಫಾರಸು ಬೇರೆ ಇಲ್ಲ. ಬೆಕ್ಕಿನ ಮುದ್ದು ಫೋಟೊ ಒಂದು ಸಾಕು. ಈಗ ಇರುವ ಮನೆಯ ಫೋಟೊಗಳನ್ನೇ ಹೆಚ್ಚು ಒಯ್ಯಿರಿ: ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡಲು ಲಿಟರ್ ಎಂಬ ಮಣ್ಣಿನಂಥ ಪುಡಿ ತುಂಬಿದ ತಟ್ಟೆ) ಇಟ್ಟ ಮೂಲೆ, ಉಗುರು ಕೆರೆಯುವ ಕಂಬ, ಗೀರಿಲ್ಲದ ಬಾಗಿಲು.

ಆ ಹಾಳೆಯಲ್ಲಿ ಅತಿ ಮುಖ್ಯವಾದದ್ದು ಆಪರೇಷನ್ ದಿನಾಂಕ. ಗಂಡು ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಅಮೈನೊ ಆಮ್ಲ ಇರುತ್ತದೆ. ಅದು ಒಡೆದಾಗ ಹುಟ್ಟುವ ಗಂಧಕದ ಸಂಯುಕ್ತಗಳೇ ಆ ಕುಖ್ಯಾತ ನಾತಕ್ಕೆ ಕಾರಣ. ಸಂತಾನಹರಣವಾದರೆ ಫೆಲಿನೈನ್ ಪ್ರಮಾಣ ತೀರಾ ಇಳಿಯುತ್ತದೆ, ಗೋಡೆಗೆ ಮೂತ್ರ ಚಿಮ್ಮಿಸುವ ಚಾಳಿಯೂ ಹತ್ತರಲ್ಲಿ ಒಂಬತ್ತು ಗಂಡುಗಳಲ್ಲಿ ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಇದು ಮರುದಿನವೇ ಆಗುವಂಥದ್ದಲ್ಲ, ಕೆಲವು ವಾರ ಬೇಕು. ವರ್ಷಗಟ್ಟಲೆ ಅಭ್ಯಾಸವಾದ ಬೆಕ್ಕು ಆಮೇಲೂ ಬಿಡದಿರಬಹುದು. ಹೆಣ್ಣಿಗೂ ಆಪರೇಷನ್ ಆಗಿರಲೇಬೇಕು. ಬೆದೆಗೆ ಬಂದ ಹೆಣ್ಣು ರಾತ್ರಿಯಿಡೀ ಕೂಗಿದರೆ ದೂರು ಕೊಡಲು ಮಾಲೀಕರೇ ಬೇಕಿಲ್ಲ, ಪಕ್ಕದ ಮನೆಯವರೇ ಸಾಕು.

ಮನೆಯೊಳಗೆ ಕಾಲಿಟ್ಟ ಮೇಲೆ ಮೊದಲ ಕೆಲಸ ಮೂಗಿನದು. ಒಂದೊಂದೇ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ, ಮಂಡಿಯೂರಿ ಮೂಲೆಗಳನ್ನು ಮೂಸಿ ನೋಡಿ. ಮಾಲೀಕರ ಎದುರು ಮುಜುಗರವಾಗುತ್ತದೆ, ಆಗಲಿ. ಚಿಮ್ಮಿಸಿದ ಮೂತ್ರ ನೆಲದಲ್ಲಿರುವುದಿಲ್ಲ, ಬೆಕ್ಕಿನ ಬಾಲದ ಎತ್ತರಕ್ಕೆ ಬಾಗಿಲ ಚೌಕಟ್ಟು, ಗೋಡೆ, ಕಪಾಟಿನ ಪಕ್ಕಗಳಲ್ಲಿರುತ್ತದೆ. ಒಂದು ಅತಿನೇರಳೆ ಟಾರ್ಚ್ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಬೆಳಕು 365 ನ್ಯಾನೊಮೀಟರ್ ತರಂಗಾಂತರದ್ದಾದರೆ ಕಲೆ ಚೆನ್ನಾಗಿ ಕಾಣುತ್ತದೆ. 395ರದ್ದು ಅಗ್ಗ, ಆದರೆ ಅದರ ನೇರಳೆ ಬೆಳಕೇ ಕಣ್ಣಿಗೆ ಅಡ್ಡ ಬರುತ್ತದೆ. ಕತ್ತಲು ಮಾಡಿಕೊಂಡು ಬಿಟ್ಟರೆ ಹಳೆಯ ಮೂತ್ರದ ಕಲೆ ಮಂಕಾಗಿ ಹೊಳೆಯುತ್ತದೆ. ಡಿಟರ್ಜೆಂಟ್ ಕಲೆಯೂ ಹೊಳೆಯುತ್ತದೆ, ಹಾಗಾಗಿ ಹೊಳೆದದ್ದನ್ನೆಲ್ಲ ಮೂತ್ರವೆನ್ನಬೇಡಿ; ಟಾರ್ಚ್ ತೋರಿಸಿದ ಜಾಗವನ್ನು ಮೂಗು ಖಚಿತಪಡಿಸಬೇಕು.

ಇಷ್ಟೆಲ್ಲ ಯಾಕೆ? ಹಿಂದಿದ್ದವರ ಬೆಕ್ಕಿನ ಗುರುತು ಉಳಿದಿದ್ದರೆ ನಿಮ್ಮ ಬೆಕ್ಕು ಅದರ ಮೇಲೆ ತನ್ನದನ್ನು ಹಾಕುತ್ತದೆ, ಕೊನೆಗೆ ಎರಡರ ಲೆಕ್ಕವೂ ನಿಮ್ಮ ಠೇವಣಿಯಲ್ಲಿ ಕಡಿತವಾಗುತ್ತದೆ. ಮೂತ್ರ ಒಣಗಿದಾಗ ಉಳಿಯುವ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಅದಕ್ಕೇ ಒರೆಸಿದ ದಿನ ವಾಸನೆ ಹೋದಂತಿದ್ದು, ಗಾಳಿಯಲ್ಲಿ ತೇವ ಹೆಚ್ಚಿದ ದಿನ ಮತ್ತೆ ಏಳುತ್ತದೆ. ಅವನ್ನು ಒಡೆಯಲು ಎಂಜೈಮ್ ಇರುವ ಕ್ಲೀನರ್ ಬಳಸಿ. ಅದನ್ನೂ ಚಿಮುಕಿಸಿ ಕೂಡಲೇ ಒರೆಸಿದರೆ ಕೆಲಸಕ್ಕೆ ಬಾರದು. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ನೆನೆಯಬೇಕು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು, ತಾನಾಗಿ ಒಣಗಬೇಕು. ಹಳೆಯ ಕಲೆಯಾದರೆ ಇದನ್ನೇ ಮತ್ತೆ ಮಾಡಬೇಕು. ಹಬೆ ಹಿಡಿದರೆ ಕಲೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಅಮೋನಿಯಾ ಇರುವ ದ್ರಾವಣದ ವಾಸನೆ ಬೆಕ್ಕನ್ನು ಅದೇ ಜಾಗಕ್ಕೆ ಮತ್ತೆ ಕರೆಯುತ್ತದೆ. ಮೂತ್ರದ ಮೇಲೆ ಬ್ಲೀಚ್ ಸುರಿದರೆ ವಿಷಾನಿಲ ಏಳುತ್ತದೆ. ಫಿನಾಯಿಲ್‌ನಂಥ ಫೀನಾಲ್ ದ್ರಾವಣಗಳು ಬೆಕ್ಕಿಗೇ ವಿಷ.

ಕಾರ್ಪೆಟ್ ಹಾಸಿದ ನೆಲದಲ್ಲಿ ವಾಸನೆ ಸಿಕ್ಕರೆ ಅಡಿಯ ಪದರವೂ ನೆನೆದಿದೆ ಎಂದೇ ತಿಳಿಯಿರಿ. ಬದಲಾಯಿಸಿ ಕೊಡುವುದಾದರೆ ಸರಿ, ಇಲ್ಲವಾದರೆ ಆ ಮನೆ ಬೇಡ. ಮರದ ನೆಲದಲ್ಲಿ ಹಲಗೆಗಳ ಸಂದು, ಟೈಲ್ಸ್ ನೆಲದಲ್ಲಿ ನಡುವಿನ ಸಿಮೆಂಟ್ ಗೆರೆ ನೋಡಿ. ಟೈಲ್ ಕುಡಿಯದಿದ್ದರೂ ಗೆರೆ ಕುಡಿಯುತ್ತದೆ.

ಆಮೇಲೆ ಕಿಟಕಿಗಳು. 1987ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ, ಎತ್ತರದಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕವಿದೆ. ಚಿಕಿತ್ಸೆ ಸಿಕ್ಕವುಗಳಲ್ಲಿ ಶೇ 90ರಷ್ಟು ಬದುಕಿದವು ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಬೆಕ್ಕಿಗೆ ಏನೂ ಆಗಲ್ಲ ಎನ್ನುವವರಿದ್ದಾರೆ. ಬಿದ್ದ ಜಾಗದಲ್ಲೇ ಸತ್ತವು ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ, ಬದುಕಿದವುಗಳಲ್ಲೂ ಎದೆಗೆ ಪೆಟ್ಟು, ಮುರಿದ ಕಾಲು ಸಾಮಾನ್ಯ. ನೈಲಾನಿನ ಸೊಳ್ಳೆ ಜಾಲರಿಯನ್ನು ನಂಬಬೇಡಿ. ಉಗುರಿಗೆ ಹರಿಯುತ್ತದೆ, ಹರಿಯದಿದ್ದರೆ ಚೌಕಟ್ಟಿನ ಸಮೇತ ಕಳಚಿಕೊಳ್ಳುತ್ತದೆ. ಮೇಲ್ಭಾಗ ಮಾತ್ರ ಒಳಗೆ ವಾಲುವ ಕಿಟಕಿ ಇನ್ನೂ ಅಪಾಯ: ನುಸುಳಲು ಹೋದ ಬೆಕ್ಕು ಕಿರಿದಾದ ಸಂದಿಗೆ ಜಾರಿ ಸಿಕ್ಕಿಬೀಳುತ್ತದೆ, ಒದ್ದಾಡಿದಷ್ಟೂ ಹೊಟ್ಟೆ ಅಮುಕಿ ಹಿಂಗಾಲುಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಗೋಡೆ ಕೊರೆಯದೆ, ಒತ್ತಿ ನಿಲ್ಲುವ ಕಂಬಿಗಳ ನಡುವೆ ಬಲೆ ಕಟ್ಟಬಹುದೇ ಎಂದು ಅಲ್ಲೇ ಕೇಳಿ ಒಪ್ಪಿಗೆ ಪಡೆಯಿರಿ.

ಅಡುಗೆಮನೆಯಲ್ಲಿ ಕಪಾಟಿನ ಹಿಂದಿನ ಸಂದು, ಸಿಂಕಿನ ಪೈಪ್ ಹೋಗುವ ತೂತು ನೋಡಿಕೊಳ್ಳಿ. ತಲೆ ಹಿಡಿಸುವ ಕಡೆ ಬೆಕ್ಕು ಪೂರ್ತಿ ಹಿಡಿಸುತ್ತದೆ. ಖಾಲಿ ಮನೆಗೆ ಕೀಟನಾಶಕ ಹೊಡೆಸಿದ್ದರೆ ಯಾವುದು, ಯಾವಾಗ ಎಂದು ಕೇಳಬೇಕು. ಪರ್ಮೆಥ್ರಿನ್ ಎಂಬ ಕೀಟನಾಶಕ ನಾಯಿಗೆ ಹೆಚ್ಚೇನೂ ಮಾಡದು, ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಸಾಲದು. ನಡುಕ, ಸೆಳವು ಬರುತ್ತದೆ. ಇಲಿ ಪಾಷಾಣ, ನುಸಿಗುಳಿಗೆ ಎಲ್ಲಾದರೂ ಬಿದ್ದಿವೆಯೇ ಎಂದು ಕಪಾಟುಗಳ ಒಳಗೂ ಕಣ್ಣಾಡಿಸಿ.

ಲಿಟರ್ ಟ್ರೇ ಎಲ್ಲಿ ಇಡುತ್ತೀರಿ ಎಂಬುದನ್ನು ಮಾಲೀಕರಿಗೆ ಬೆರಳು ಮಾಡಿ ತೋರಿಸಿಯೇ ಹೊರಡಿ. ಬೆಕ್ಕಿಗೊಂದು, ಮೇಲೊಂದು ಎಂಬುದು ಲೆಕ್ಕ. ಎರಡು ಬೆಕ್ಕಿಗೆ ಮೂರು ಟ್ರೇ. ಮೂರನ್ನೂ ಒಂದೇ ಮೂಲೆಯಲ್ಲಿ ಜೋಡಿಸಿದರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಟ್ರೇ ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಇರಲಿ, ಲಿಟರ್ 5ರಿಂದ 7 ಸೆಂಟಿಮೀಟರ್ ಆಳ. ಬಟ್ಟೆ ತೊಳೆಯುವ ಮೆಷಿನ್ ಪಕ್ಕ ಬೇಡ, ಅದು ಗಡಗಡ ಎಂದ ದಿನ ಬೆಕ್ಕು ಬೇರೆ ಜಾಗ ಹುಡುಕುತ್ತದೆ. ಬಳಸಿದ ಲಿಟರನ್ನು ಕಮೋಡಿಗೆ ಸುರಿಯುವುದಿಲ್ಲ ಎಂದೂ ಹೇಳಿಬಿಡಿ. ಲಿಟರಿನಲ್ಲಿರುವ ಬೆಂಟೊನೈಟ್ ಎಂಬ ಜೇಡಿಮಣ್ಣು ನೀರು ಕುಡಿದು ಉಬ್ಬಿ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಮಾಲೀಕರಿಗೇ ಹೊಳೆಯದ ಅಪಾಯವನ್ನು ನೀವಾಗಿ ಹೇಳಿದರೆ ಉಳಿದ ಮಾತುಗಳ ಮೇಲೂ ನಂಬಿಕೆ ಬರುತ್ತದೆ.

ಒಪ್ಪಿದರೆ ಬರಹದಲ್ಲಿ ಬೇಕು. "ಸಾಕುಪ್ರಾಣಿ ಇರಬಹುದು" ಎಂಬ ಒಂದು ಸಾಲು ಸಾಲದು. ಎಷ್ಟು ಬೆಕ್ಕು, ಒಂದು ತೀರಿಕೊಂಡರೆ ಇನ್ನೊಂದು ತರಬಹುದೇ, ಕರಾರು ನವೀಕರಿಸಿದಾಗ ಈ ಒಪ್ಪಿಗೆ ಮುಂದುವರಿಯುತ್ತದೆಯೇ, ಯಾವ ಹಾನಿಗೆ ಠೇವಣಿಯಿಂದ ಹಣ ಹಿಡಿಯಬಹುದು, ಇಷ್ಟಾದರೂ ಇರಬೇಕು. ಬೆಕ್ಕಿಗೆಂದು ತಿಂಗಳು ತಿಂಗಳು ಹೆಚ್ಚುವರಿ ಬಾಡಿಗೆ ಕೊಡುವುದಕ್ಕಿಂತ ಮರಳಿ ಸಿಗುವ ಠೇವಣಿಯನ್ನು ತುಸು ಹೆಚ್ಚಿಸುವುದು ಮೇಲು. ಹೆಚ್ಚುವರಿಯಾಗಿ ಕೊಟ್ಟ ಬಾಡಿಗೆ, ಮನೆ ಎಷ್ಟೇ ಚೊಕ್ಕಟವಾಗಿ ಬಿಟ್ಟರೂ ವಾಪಸ್ ಬರುವುದಿಲ್ಲ. ಠೇವಣಿಗೆ ಕಾನೂನಿನ ಮಿತಿ ಇರುವ ಕಡೆ ಅದನ್ನು ಮೊದಲು ತಿಳಿದುಕೊಳ್ಳಿ. ಬೀಗದ ಕೈ ಸಿಕ್ಕ ದಿನ, ಸಾಮಾನು ಇಳಿಸುವ ಮೊದಲು ಪ್ರತಿ ಬಾಗಿಲ ಬುಡ, ನೆಲದ ಗೀರು, ಪರದೆಗಳ ಫೋಟೊ ತೆಗೆದು ಅಂದೇ ಮಾಲೀಕರಿಗೆ ಕಳಿಸಿ.

ಸಾಮಾನು ಸಾಗಿಸುವಾಗ ಬೆಕ್ಕು ಒಂದೇ ಕೋಣೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದಿರಲಿ. ಜೊತೆಗೆ ಹಳೆಯ ಟ್ರೇ, ಹಳೆಯ ಲಿಟರಿನ ಒಂದು ಹಿಡಿ, ಒಗೆಯದ ಹಾಸಿಗೆ. ಹೊರಗೆ ಓಡಾಡುವ ಬೆಕ್ಕಾದರೂ ಎರಡು ಮೂರು ವಾರ ಹೊರಗೆ ಬಿಡಬಾರದು, ಹಳೆಯ ಮನೆಯ ದಾರಿ ಹಿಡಿಯುತ್ತದೆ. ಚಿಪ್‌ನಲ್ಲಿರುವುದು ಸಂಖ್ಯೆ ಮಾತ್ರ. ವಿಳಾಸ, ಫೋನ್ ಇರುವುದು ನೋಂದಣಿಯಲ್ಲಿ, ಅಲ್ಲಿ ಬದಲಾಯಿಸಬೇಕು. ಗಂಡು ಬೆಕ್ಕಿನ ಟ್ರೇಯನ್ನು ಮೊದಲ ಕೆಲವು ದಿನ ಬೆಳಿಗ್ಗೆ ಸಂಜೆ ನೋಡಿ. ಜಾಗ ಬದಲಾದ ಒತ್ತಡಕ್ಕೆ ಮೂತ್ರನಾಳ ಕಟ್ಟಿಕೊಳ್ಳುವುದುಂಟು. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿ, ಹನಿ ಮೂತ್ರವೂ ಬಾರದೆ ವಾಪಸ್ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆ ಹೊಸ ಮನೆಗೆ ಹತ್ತಿರ ಎಲ್ಲಿದೆ ಎಂಬುದನ್ನು ಮನೆ ನೋಡಲು ಹೋದ ದಿನವೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.