ಬಲಕ್ಕೆ ಬಾಗಿದಾಗ ಮಾತ್ರ

ನೇರ ರಸ್ತೆಯಲ್ಲಿ ನನ್ನ ಬೈಕಿನ ಮೇಲೆ ಒಂದು ದೂರೂ ಇರಲಿಲ್ಲ. ಬಲಕ್ಕೆ ಬಾಗಿಸಿದ ಕೂಡಲೇ ಮಾತ್ರ ಹ್ಯಾಂಡಲ್ ಜುಮ್ಮೆನ್ನುತ್ತಿತ್ತು. ಜೊತೆಗೆ ಮುಂದಿನ ಚಕ್ರದಿಂದ ಗುಂಯ್ ಅಂತ ಒಂದು ಸದ್ದು. ಬೈಕ್ ನೆಟ್ಟಗಾದರೆ ಎರಡೂ ಮಾಯ. ಎಡ ತಿರುವಿನಲ್ಲಿ ಇದ್ದೂ ಇಲ್ಲದ ಹಾಗೆ.

ಮೊದಲ ಕೆಲವು ವಾರ ರಸ್ತೆಯನ್ನು ಬೈದೆ. ಆಮೇಲೆ ಎಂಜಿನ್ ಮೇಲೆ ಅನುಮಾನ ಬಂತು. ಅದನ್ನು ಪರೀಕ್ಷಿಸುವುದು ಸುಲಭ. ಖಾಲಿ ರಸ್ತೆಯ ಒಂದು ಉದ್ದನೆಯ ತಿರುವಿನಲ್ಲಿ, 60 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು ಕ್ಲಚ್ ಹಿಡಿದೆ. ಎಂಜಿನ್ ಸದ್ದು ಇಳಿಯಿತು, ನಡುಕ ಹಾಗೇ ಇತ್ತು. ಬೈಕಿನ ವೇಗ ಇಳಿದ ಹಾಗೆಲ್ಲ ಅದೂ ಇಳಿಯಿತು. ಅಂದರೆ ತೊಂದರೆ ಎಂಜಿನ್‌ದಲ್ಲ, ಉರುಳುವ ಯಾವುದೋ ಭಾಗದ್ದು.

ಉರುಳುವುದು ಅಂದ ಕೂಡಲೇ ನನ್ನ ತಲೆಗೆ ಬಂದದ್ದು ವ್ಹೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಮಾಡಿಸಿದೆ. ಏನೂ ಬದಲಾಗಲಿಲ್ಲ. ಸ್ವಲ್ಪ ಲೆಕ್ಕ ಹಾಕಿದ್ದರೆ ಆ ದುಡ್ಡು ಉಳಿಯುತ್ತಿತ್ತು. 17 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂಬತ್ತು ಸುತ್ತು. ಬ್ಯಾಲೆನ್ಸ್ ತಪ್ಪಿದ ಚಕ್ರ ಸುತ್ತಿಗೊಮ್ಮೆ ಕುಲುಕುತ್ತದೆ. ಸೆಕೆಂಡಿಗೆ ಒಂಬತ್ತು ಸಲ ಕುಲುಕಿದರೆ ಕೈಗೆ ದಡದಡ ಅನ್ನಿಸಬೇಕು, ಗುಂಯ್ ಅನ್ನಿಸಬಾರದು. ಮೇಲಾಗಿ ಅದು ನೇರ ರಸ್ತೆಯಲ್ಲೂ ಕಾಣಿಸಿಕೊಳ್ಳಬೇಕು, ಅಲ್ವಾ?

ಉತ್ತರ ಸಿಕ್ಕಿದ್ದು ಬೈಕ್ ತೊಳೆಯುವಾಗ. ಟೈರನ್ನು ಅದಕ್ಕೂ ಮೊದಲು ಎಷ್ಟೋ ಸಲ ನೋಡಿದ್ದೆ. ಗೆರೆಗಳು ಇನ್ನೂ ಆಳವಾಗಿದ್ದವು. ಪಕ್ಕದಲ್ಲಿದ್ದ ನಾಲ್ಕು ಅಂಕಿ 3422, ಅಂದರೆ 2022ರ 34ನೇ ವಾರ ತಯಾರಾದದ್ದು. ಹಳೇ ಟೈರೂ ಅಲ್ಲ. ಅವತ್ತು ಕೆಸರು ಒರೆಸುತ್ತಾ ಸುಮ್ನೆ ಅಂಗೈ ಆಡಿಸಿದೆ. ಒಂದು ಕಡೆಗೆ ಎಳೆದಾಗ ನುಣ್ಣಗೆ ಜಾರಿತು. ವಾಪಸ್ ಎಳೆದಾಗ ಗರಗಸದ ಹಲ್ಲಿನ ಹಾಗೆ ತಡೆಯಿತು. ಟೈರಿನ ಬಲ ಅಂಚಿನಲ್ಲಿ ಪ್ರತಿ ರಬ್ಬರ್ ಕಟ್ಟೆಯ ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿದೆ. ಎತ್ತರದ ತುದಿಗಳಿಗೆ ಮಾತ್ರ ಬಿಳಿ ಹತ್ತಿತು. ಎಣಿಸಿದೆ, ಒಂದು ಸುತ್ತಿಗೆ 22. ಸೆಕೆಂಡಿಗೆ ಒಂಬತ್ತು ಸುತ್ತು, ಸುತ್ತಿಗೆ 22 ಏಟು. ಸೆಕೆಂಡಿಗೆ ಸುಮಾರು 200 ಏಟು ಬಿದ್ದರೆ ಅದು ಕುಲುಕಾಟವಲ್ಲ, ಗುಂಯ್‌ಗುಡುವ ಸದ್ದೇ. ನೇರ ಹೋಗುವಾಗ ನೆಲ ಮುಟ್ಟುವುದು ಟೈರಿನ ನಡುಭಾಗ. ಈ ಅಂಚು ನೆಲಕ್ಕೆ ತಾಗುವುದು ಬಾಗಿದಾಗ ಮಾತ್ರ.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಇದಕ್ಕೂ ಮೊದಲು ಇದೇ ಚಕ್ರಕ್ಕಿದ್ದ ಟೈರೂ ಹೀಗೇ ಸದ್ದು ಮಾಡಿತ್ತು ಅನ್ನುವುದು ಆಗ ನೆನಪಾಯಿತು. ವಯಸ್ಸಾಯಿತು ಅಂತ ಅದನ್ನು ತೆಗೆಸಿ, ಇದನ್ನು ಹಾಕಿಸಿ ಬರೀ 7,000 ಕಿ.ಮೀ. ಆಗಿತ್ತು. ಟೈರನ್ನು ತಿನ್ನುತ್ತಿದ್ದ ಕಾರಣ ಬೈಕಿನಲ್ಲೇ ಕೂತಿತ್ತು, ನಾನು ಅದಕ್ಕೆ ಹೊಸ ಟೈರ್ ತಂದು ಬಡಿಸಿದ್ದೆ.

ಹುಡುಕುವುದನ್ನು ಗಾಳಿಯಿಂದ ಶುರು ಮಾಡಿದೆ. ನನ್ನ ಗೇಜ್ ಪ್ರಕಾರ ಮುಂದಿನ ಟೈರಿನಲ್ಲಿ 25 ಪಿಎಸ್‌ಐ, ಬೈಕಿನ ಸ್ಟಿಕ್ಕರ್ ಮೇಲಿದ್ದಷ್ಟೇ. ಗೆಳೆಯನ ಗೇಜ್ 19 ಅಂದಿತು. ಮೂರನೆಯದು ತಂದು ನೋಡಿದರೆ ಅದೂ 19. ಟೈರ್ ತಣ್ಣಗಿರುವಾಗಲೇ ನೋಡಬೇಕು ಅಂತ ಬೆಳಿಗ್ಗೆ ಎದ್ದು ಶ್ರದ್ಧೆಯಿಂದ ಅಳೆಯುತ್ತಿದ್ದವನು ನಾನು! ಗಾಳಿ ಕಡಿಮೆಯಾದರೆ ರಬ್ಬರ್ ಕಟ್ಟೆಗಳು ನೆಲಕ್ಕೆ ತಾಗಿದಾಗ ಜಾಸ್ತಿ ಹೊರಳುತ್ತವೆ. ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಭಾರ ಬಿದ್ದಾಗ ಒಂದೇ ತುದಿ ಉಜ್ಜಿ ಸವೆಯುತ್ತದೆ.

ಅಷ್ಟೇ ಇರಲಾರದು ಅನ್ನಿಸಿತು. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ ಇಲ್ಲ, ಅಂದರೆ ವ್ಹೀಲ್ ಬೇರಿಂಗ್ ಸರಿಯಿದೆ. ಫೋರ್ಕಿಗೆ, ಅಂದರೆ ಮುಂದಿನ ಚಕ್ರವನ್ನು ಎರಡೂ ಪಕ್ಕ ಹಿಡಿದಿರುವ ಕಾಲುಗಳಿಗೆ, ಕಡ್ಡಿ ಕಟ್ಟಿ ಚಕ್ರ ತಿರುಗಿಸಿದೆ, ರಿಮ್ ಓಲಾಡಲಿಲ್ಲ. ಹಿಂದಿನ ಚಕ್ರದಿಂದ ಎರಡೂ ಪಕ್ಕಕ್ಕೆ ದಾರ ಎಳೆದು ನೋಡಿದೆ, ಎರಡು ಚಕ್ರವೂ ಒಂದೇ ಸಾಲಿನಲ್ಲಿದ್ದವು. ಕೊನೆಗೆ ಫೋರ್ಕಿನ ಎರಡೂ ಕಾಲುಗಳನ್ನು ಕೆಳಗೆ ಹಿಡಿದು ಹಿಂದೆ ಮುಂದೆ ನೂಕಿದೆ. ಟಕ್! ಫೋರ್ಕಿನ ಕಾಲಿನೊಳಗಿನ ಬುಷ್ ಸವೆದರೂ ಇಂಥ ಸದ್ದು ಬರುತ್ತದೆ. ಅದಕ್ಕೇ ಹ್ಯಾಂಡಲ್ ಕೆಳಗೆ, ಚಾಸಿಗೂ ಫೋರ್ಕಿಗೂ ನಡುವಿನ ಸಂದಿಗೆ ನನ್ನ ಬೆರಳಿಟ್ಟು, ಗೆಳೆಯನಿಗೆ ನೂಕಲು ಹೇಳಿದೆ. ಅಲುಗಾಟ ಅಲ್ಲೇ ಸಿಕ್ಕಿತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಸಡಿಲ.

ಮೆಕ್ಯಾನಿಕ್ ಕೇಳಿ ನಕ್ಕರು. "ಅರ್ಧ ಸುತ್ತು ಟೈಟ್ ಮಾಡಿದ್ರೆ ಆಯ್ತು ಬಿಡಿ ಸರ್."

"ಒಂದ್ಸಲ ಹ್ಯಾಂಡಲ್ ತಿರುಗಿಸಿ ನೋಡಿ," ಅಂದೆ.

ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿದರು. ಸರಿಯಾಗಿ ನಡುವೆ ಬಂದಾಗ ಹ್ಯಾಂಡಲ್ ಹಳ್ಳಕ್ಕೆ ಬಿದ್ದ ಹಾಗೆ ನಿಂತಿತು. ಅವರ ನಗು ನಿಂತಿತು. "ಇದು ಟೈಟ್ ಮಾಡಿದ್ರೆ ಹೋಗಲ್ಲ, ಬದಲಾಯಿಸ್ಬೇಕು." ಬಿಚ್ಚಿ ತೋರಿಸಿದರು. ಬಾಲ್‌ಗಳು ಕೂರುವ ಬಳೆಯಲ್ಲಿ ಎಳ್ಳು ಒತ್ತಿದಷ್ಟು ಸಣ್ಣ ಕುಳಿಗಳ ಸಾಲು. ಬೈಕ್ ಬಹುಪಾಲು ನೇರವೇ ಓಡುವುದರಿಂದ ಗುಂಡಿಗೆ ಬಿದ್ದಾಗಲೆಲ್ಲ ಬಾಲ್‌ಗಳು ಅದೇ ಜಾಗಕ್ಕೆ ಹೊಡೆದಿವೆ. ಸಡಿಲವಿದ್ದ ಫೋರ್ಕ್ ಅಷ್ಟಷ್ಟೇ ಅದುರುತ್ತಾ ಟೈರನ್ನು ನೆಲಕ್ಕೆ ಉಜ್ಜುತ್ತಿತ್ತು, ಗಾಳಿ ಕಡಿಮೆಯಿದ್ದ ಟೈರ್ ಸವೆಯುತ್ತಿತ್ತು. ಫೋರ್ಕ್ ಆಯಿಲ್ ಕೂಡ ಕಪ್ಪಾಗಿತ್ತು. ಕೈಗೆ ಬಂದದ್ದೇ ಬಂತು ಅಂತ ಅದನ್ನೂ ಬದಲಾಯಿಸಿದೆವು.

ಬಲಗಡೆಯೇ ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಬೈಕಿನಲ್ಲಿ ಸೊಟ್ಟ ಏನೂ ಇರಲಿಲ್ಲ. ನೀರು ಹರಿದು ಹೋಗಲಿ ಅಂತ ರಸ್ತೆಯ ನಡುವನ್ನು ಎತ್ತರ ಮಾಡಿರುತ್ತಾರೆ. ಎಡಬದಿಯಲ್ಲಿ ಓಡಿಸುವವರ ಟೈರಿಗೆ ನೆಲ ಬಲದಿಂದ ಎಡಕ್ಕೆ ಇಳಿಜಾರು. ಹಾಗಾಗಿ ನೆಟ್ಟಗೆ ಹೋಗುವಾಗಲೂ ಭಾರ ಒಂದು ಚೂರು ಟೈರಿನ ಬಲಭಾಗಕ್ಕೆ ಬೀಳುತ್ತದೆ. ಬಲ ತಿರುವಿನಲ್ಲಿ ನಾವು ಹೊರಗಿನ ಸುತ್ತು ಹಿಡಿಯುವುದರಿಂದ ಬಾಗಿಕೊಂಡು ಓಡುವ ದೂರವೂ ಜಾಸ್ತಿ.

ಕೋನ್ ಸೆಟ್ ಬದಲಾಯಿಸಿ, ಗಾಳಿ ಸರಿ ಮಾಡಿದ ಮೇಲೂ ಗುಂಯ್ ಸದ್ದು ಹೋಗಲಿಲ್ಲ. ಗರಗಸವಾದ ಟೈರ್ ತಾನಾಗಿ ನುಣ್ಣಗಾಗುವುದಿಲ್ಲ. ಇನ್ನೂ ಅರ್ಧ ಆಯಸ್ಸಿದ್ದ ಟೈರನ್ನು ತೆಗೆಸುವಾಗ ಹೊಟ್ಟೆ ಉರಿಯಿತು. ಹೊಸ ಟೈರಿನ ಜಾರಿಕೆ ಹೋಗಲಿ ಅಂತ ಮೊದಲ 150 ಕಿ.ಮೀ. ನಿಧಾನಕ್ಕೆ ಓಡಿಸಿದೆ. ಆಮೇಲೆ ಹಳೇ ಬಲ ತಿರುವಿಗೆ ಹೋದೆ. ಹ್ಯಾಂಡಲ್ ಸುಮ್ಮನಿತ್ತು.

ಮೊನ್ನೆ 4,000 ಕಿ.ಮೀ. ದಾಟಿತು. ಅಂಗೈ ಆಡಿಸಿದೆ. ಹೋಗುವಾಗ, ಬರುವಾಗ ಎರಡೂ ಸಲ ಒಂದೇ ಥರ ಜಾರಿತು. ಬಲ ಅಂಚು ಮಾತ್ರ ಎಡಕ್ಕಿಂತ ಒಂದು ಚೂರು ಜಾಸ್ತಿ ಸವೆದಿದೆ. ಅದು ರಸ್ತೆಯ ಪಾಲು.